ಮೆಂತ್ಯದ ಮೂತಿ

ಕೊಂಡಮ್ಮ ತನ್ನ ಅಳಿಯನ ಜೊತೆ ಹದಿನಾರು ವರ್ಷ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಜಗಳ ಏನಲ್ಲ. ನಂಗಲಿ ಹತ್ತಿರದ ಅವಳ ತವರಿನಲ್ಲಿ ಅತ್ತೆಯಾದವಳು ಅಳಿಯನ ಮುಖ ನೋಡಿ ಬಾಯಿ ಬಿಡಬಾರದು ಅನ್ನುವ ಪದ್ಧತಿ. ಅವಳ ತಾಯಿ ಹಾಗೇ ಬಾಳಿ ಹೋದಳು, ತಾಯಿಯ ತಾಯಿಯೂ ಹಾಗೇ. ಆದರೆ ಅವರ ಅಳಿಯಂದಿರು ವರ್ಷಕ್ಕೆ ಎರಡು ಸಲ ಹಬ್ಬಕ್ಕೆ ಬಂದು ಉಂಡು ಹೋಗುವವರು. ಬಾಗಿಲ ಹಿಂದೆ ನಿಂತು ಬಳೆ ಸದ್ದು ಮಾಡಿದರೆ ಅವರಿಗೆ ಸಾಕಾಗಿತ್ತು. ಕೊಂಡಮ್ಮನ ಪಾಡು ಬೇರೆ. ಗಂಡ ವೆಂಕಟರಾಯಪ್ಪ ತೀರಿಕೊಂಡ ವರ್ಷವೇ ಒಬ್ಬಳೇ ಮಗಳು ರಾಧಾ ಬಂದು, ತಾಯಿಯನ್ನೂ ಎರಡು ಟ್ರಂಕನ್ನೂ ಬಸ್ಸು ಹತ್ತಿಸಿ, ಮಾಸ್ತಿಯಿಂದ ಎರಡು ಮೈಲಿ ಒಳಗಿರುವ ತನ್ನ ಊರಿಗೆ ಕರೆತಂದಳು. ಅಲ್ಲಿಂದ ಒಂಬತ್ತು ವರ್ಷ ಅತ್ತೆ, ಅಳಿಯ ಒಂದೇ ಸೂರಿನ ಕೆಳಗೆ. ಹಾಗಿದ್ದ ಮೇಲೆ ಸಾರು ಬಿಸಿಯಿದೆ, ನಲ್ಲಿಯಲ್ಲಿ ನೀರು ನಿಂತಿದೆ ಅಂತ ಹೇಳದೆ ಆಗುತ್ತದೆಯೇ.

ಅದಕ್ಕೆ ಗಂಗಾ ಇದ್ದಳು. ಗಂಗಾ ಅಂದರೆ ಮನೆಯ ಹಸು. ಕೊಂಡಮ್ಮ ಬಂದಾಗ ಇನ್ನೂ ಪಡ್ಡೆ, ಈಗ ಐದು ಕರುವಿನ ತಾಯಿ. ಕೊಟ್ಟಿಗೆಗೂ ಅಡುಗೆಮನೆಗೂ ನಡುವೆ ಎದೆಯೆತ್ತರದ ಗೋಡೆ. ಕೊಂಡಮ್ಮ ಆ ಕಡೆಯಿಂದ, ಗಂಗಾ, ಮುದ್ದೆ ಆರಿಹೋಗ್ತಿದೆ ಅನ್ನುವಳು. ಅಳಿಯ ಉಮೇಶ್ ಕೈ ತೊಳೆಯುತ್ತಾ, ಗಂಗಾ, ಎರಡು ನಿಮಿಷ ಬಂದೆ ಅಂತ ಹೇಳು ಅನ್ನುವನು. ಗಂಗಾ ಮೆಲುಕು ಹಾಕುತ್ತಾ ಒಂದು ಸಲ ಇತ್ತ, ಒಂದು ಸಲ ಅತ್ತ ನೋಡುವಳು. ನಮ್ಮನೆಯಲ್ಲಿ ಎಲ್ಲರಿಗಿಂತ ಜಾಸ್ತಿ ವಿಷಯ ಗೊತ್ತಿರೋದು ಹಸುವಿಗೇ ಅಂತ ರಾಧಾ ನಗುವಳು.

ಉಮೇಶ್ ಕಂಪನಿ ಬಸ್ಸಿನ ಡ್ರೈವರು. ಬೆಳಗಿನ ಶಿಫ್ಟಿನವರನ್ನು ಹಳ್ಳಿ ಹಳ್ಳಿ ತಿರುಗಿ ಹತ್ತಿಸಿಕೊಂಡು ನರಸಾಪುರಕ್ಕೆ ಬಿಡುವುದು, ಶಿಫ್ಟು ಬಿಟ್ಟ ಮೇಲೆ ಅದೇ ಜನವನ್ನು ಅದೇ ದಾರಿಯಲ್ಲಿ ವಾಪಸು ತರುವುದು. ನಡುವೆ ಎಂಟು ಗಂಟೆ ಸುಮ್ಮನೆ ಕೂರಬೇಕು. ಬೇರೆ ಡ್ರೈವರುಗಳು ಬೇವಿನ ಮರದ ಕೆಳಗೆ ಇಸ್ಪೀಟು ಆಡುವರು, ಇಲ್ಲ ಮಲಗುವರು. ಉಮೇಶ್ ಬಸ್ಸಿನ ಕೊನೇ ಸೀಟಿನಲ್ಲಿ ಕೂತು ಬ್ಲೇಡಿನಿಂದ ಫೋಮ್ ಬೋರ್ಡು ಕೊಯ್ಯುವನು. ಫೋಮ್ ಬೋರ್ಡು ಅಂದರೆ ಎರಡು ಕಡೆ ಕಾಗದ, ನಡುವೆ ಬೆಂಡು; ಅಂಗೈ ಮೇಲಿಟ್ಟರೆ ಇಟ್ಟ ಹಾಗೇ ಅನ್ನಿಸುವುದಿಲ್ಲ, ಅಷ್ಟು ಹಗುರ. ಅದನ್ನು ಗೀರಿ, ಮಡಿಸಿ, ಅಂಟಿಸಿ ಅವನು ವಿಮಾನ ಮಾಡುತ್ತಿದ್ದ. ಈ ತುದಿಯಿಂದ ಆ ತುದಿಗೆ ಐದು ಗೇಣು ರೆಕ್ಕೆ, ಹಿಂದೆ ಬಾಲ, ಮುಂದೆ ಮೂತಿಗೆ ಒಂದು ಪುಟ್ಟ ಮೋಟಾರು, ಅದರ ತುದಿಗೆ ಫ್ಯಾನು. ನೆಲದ ಮೇಲೆ ನಿಂತು ರಿಮೋಟಿನಲ್ಲಿ ಹಾರಿಸುವುದು. ಕೋಲಾರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿರುವ ಶಿವಶಂಕರ್ ಅನ್ನುವ ಸ್ನೇಹಿತ ಇದನ್ನು ಕಲಿಸಿದ್ದ. ಮೋಟಾರೂ ರಿಮೋಟೂ ಅವನೇ ಕೊಟ್ಟಿದ್ದು.

ಈ ಹುಚ್ಚು ಅವನಿಗೆ ಹಿಡಿದದ್ದು ಚಿಕ್ಕಂದಿನಲ್ಲಿ, ಊರ ಕೆರೆಯಂಗಳದಲ್ಲಿ ಮೇಕೆ ಮೇಯಿಸುವಾಗ. ಬೇಸಿಗೆಯಲ್ಲಿ ಕೆರೆ ಆಗಲೂ ಒಣಗಿರುತ್ತಿತ್ತು. ಅಂಗಾತ ಮಲಗಿದರೆ ಬೆಂಗಳೂರಿಗೆ ಇಳಿಯುವ ವಿಮಾನಗಳು ಬೆಳ್ಳಗೆ, ಸದ್ದು ಹಿಂದೆ ಬಿಟ್ಟು, ಮುಂದೆ ಹೋಗುತ್ತಿದ್ದವು. ಅವನಿಗೆ ಅದರೊಳಗೆ ಕೂರುವ ಆಸೆ ಇರಲಿಲ್ಲವಂತೆ. ತನ್ನ ಕೈಯಿಂದ ಬಿಟ್ಟದ್ದು ಒಂದು ಮೇಲೆದ್ದು, ಕೆರೆಯನ್ನು ಒಂದು ಸುತ್ತು ಹಾಕಿ ಬರಬೇಕು, ಅಷ್ಟೇ. ಇದನ್ನು ಅವನು ರಾಧಾಗೂ ಹೇಳಿರಲಿಲ್ಲ. ಒಂದು ಸಂಜೆ ಗಂಗಾಗೆ ಹುಲ್ಲು ಹಾಕುತ್ತಾ ಹೇಳಿದ್ದ. ಗೋಡೆಯಾಚೆ ಅಕ್ಕಿ ಆರಿಸುತ್ತಿದ್ದ ಕೊಂಡಮ್ಮ ಕೇಳಿಸಿಕೊಂಡಿದ್ದಳು.

ಆ ಒಂದು ಸುತ್ತು ಮಾತ್ರ ಆಗುತ್ತಿರಲಿಲ್ಲ. ನಾಲ್ಕು ವಿಮಾನ ಮಾಡಿದ, ನಾಲ್ಕೂ ಒಂದೇ ಜಾಗದಲ್ಲಿ ಮುರಿದವು. ಮೇಲೇಳುವುದು, ನೂರು ಮಾರು ಹೋಗುವುದು, ಮೋಟಾರು ಗಡಗಡ ಅಲುಗುವುದು, ಆಮೇಲೆ ಮೂತಿಯೇ ಕಿತ್ತುಕೊಂಡು ಮೋಟಾರು ಒಂದು ಕಡೆ, ಮಿಕ್ಕಿದ್ದು ಒಂದು ಕಡೆ. ಮೂರು ಮೋಟಾರು ಹಾಗೆ ಬಿದ್ದು ಕೆಟ್ಟವು. ಉಳಿದದ್ದು ಒಂದು. ಅಷ್ಟರಲ್ಲಿ ಊರಿಗೆ ಸುದ್ದಿ ಬಂತು: ಬೆಂಗಳೂರಿನಿಂದ ಪೈಪಿನಲ್ಲಿ ತರುವ ನೀರು ಮೇಲಿನ ಕೆರೆಗೆ ಬಿದ್ದಿದೆ, ಅದು ತುಂಬಿ ಕೋಡಿ ಬಿದ್ದರೆ ಮುಂದೆ ನಮ್ಮ ಕೆರೆಗೇ. ಹದಿನೆಂಟು ವರ್ಷದ ಮೇಲೆ ನೀರು ಅಂತ ಊರೆಲ್ಲ ಹಿಗ್ಗಿತು. ಉಮೇಶನೂ ಹಿಗ್ಗಿದ, ಆಮೇಲೆ ಲೆಕ್ಕ ಹಾಕಿ ಕುಗ್ಗಿದ. ಸುತ್ತ ಮುತ್ತ ಅಷ್ಟು ಬಯಲು ಜಾಗ ಇರುವುದು ಆ ಕೆರೆಯಂಗಳ ಒಂದೇ. ಮಿಕ್ಕಿದ್ದೆಲ್ಲ ಹಿಪ್ಪುನೇರಳೆ ತೋಟ, ಟೊಮ್ಯಾಟೋ ಕಡ್ಡಿ, ಕರೆಂಟು ತಂತಿ. ರಾಧಾ ಬೇರೆ ಅವನ ಕೈಲಿ ಮಾತು ತೆಗೆದುಕೊಂಡಿದ್ದಳು, ಕೆರೆಗೆ ನೀರು ಬಂದ ದಿನ ರಿಮೋಟು ಶಿವಶಂಕರಣ್ಣನ ಅಂಗಡಿಗೆ ವಾಪಸು ಹೋಗಬೇಕು ಅಂತ. ರಾತ್ರಿಯೂ ನಿದ್ದೆಗೆಟ್ಟು ಬ್ಲೇಡು ಹಿಡಿದು, ಮಾರನೇ ದಿನ ಐವತ್ತು ಜನರನ್ನು ಕೂರಿಸಿಕೊಂಡು ಬಸ್ಸು ಓಡಿಸುವವನ ಹೆಂಡತಿ, ಅವಳದೂ ತಪ್ಪಲ್ಲ.

ಮುರಿದ ನಾಲ್ಕು ಮೂತಿಗಳನ್ನು ಕೊಂಡಮ್ಮ ಕಸಕ್ಕೆ ಹಾಕಿರಲಿಲ್ಲ. ಕೊಟ್ಟಿಗೆ ಗೋಡೆಯ ಮೇಲೆ ಸಾಲಾಗಿ ಇಟ್ಟಿದ್ದಳು. ಹಾಲು ಕರೆದು ಕೈ ಬಿಡುವಾದಾಗ ಒಂದೊಂದನ್ನೇ ತೆಗೆದು, ಕನ್ನಡಕದ ಹತ್ತಿರ ಹಿಡಿದು ತಿರುಗಿಸಿ ನೋಡುವಳು. ಮೋಟಾರು ಕೂರಿಸಲು ಎರಡು ಬೆರಳಗಲ ಪ್ಲೈವುಡ್ ತುಂಡು. ಅದನ್ನು ಮೂತಿಗೆ ಬಿಸಿ ಗಮ್ಮಿನಿಂದ ಅಂಟಿಸಿದ್ದ. ಗಮ್ಮು ನಾಲ್ಕರಲ್ಲೂ ಪ್ಲೈವುಡ್ಡಿಗೆ ಹಿಡಿದುಕೊಂಡೇ ಇತ್ತು. ಗಮ್ಮಿನ ಮೇಲೆ ಕಾಗದವೂ ಇತ್ತು. ಕಾಗದದ ಹಿಂದೆ ಮಾತ್ರ ಬೆಂಡು ಇರಲಿಲ್ಲ, ಉಪ್ಪಿನ ಕಾಳಿನ ಹಾಗೆ ನಾಲ್ಕು ಚೂರು ಅಂಟಿದ್ದವು ಅಷ್ಟೇ. ನಾಲ್ಕನ್ನೂ ನೋಡಿದಳು, ನಾಲ್ಕೂ ಹಾಗೇ. ಉಮೇಶ್ ಪ್ರತೀ ಸಲ ಗಮ್ಮನ್ನು ಬೈದು ಇನ್ನಷ್ಟು ಗಮ್ಮು ಸುರಿಯುತ್ತಿದ್ದ.

ಆ ವಾರ ಅವಳಿಗೆ ಮೊರ ಬಳಿಯುವ ಕೆಲಸವಿತ್ತು. ಈಗ ಯಾರೂ ಬಳಿಯುವುದಿಲ್ಲ, ಪ್ಲಾಸ್ಟಿಕ್ಕಿನದು ತರುತ್ತಾರೆ. ಕೊಂಡಮ್ಮ ಬಿಟ್ಟಿರಲಿಲ್ಲ. ಒಂದು ಹಿಡಿ ಮೆಂತ್ಯ ನೆನೆಹಾಕಿ, ಹಳೇ ಪೇಪರು ಚೂರು ಮಾಡಿ ಅದನ್ನೂ ನೆನೆಹಾಕಿ, ಎರಡನ್ನೂ ಒಂದು ಚಿಟಿಕೆ ಅರಿಶಿನದ ಜೊತೆ ನುಣ್ಣಗೆ ರುಬ್ಬಿದರೆ ಜಾರುವ ಹಿಟ್ಟಾಗುತ್ತದೆ. ಅದನ್ನು ಹೆಬ್ಬೆರಳಿನಿಂದ ಮೊರದ ಸಂದು ಸಂದಿಗೆ ತುಂಬಿ ನೆರಳಿನಲ್ಲಿ ಒಣಗಿಸಬೇಕು. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಒಣಗಿದ ಮೇಲೆ ತಟ್ಟಿದರೆ ತಮಟೆಯ ಹಾಗೆ ಸದ್ದು ಬರಬೇಕು. ಹಾಗೆ ಬಳಿದ ಮೊರ ಆರೇಳು ವರ್ಷ ಬಾಳುತ್ತದೆ.

ಬಳಿದು ಮುಗಿಸಿ, ಕೈಯಲ್ಲಿ ಇನ್ನೂ ಮೆಂತ್ಯದ ವಾಸನೆ ಇರುವಾಗಲೇ, ಕೊಟ್ಟಿಗೆ ಗೋಡೆಗೆ ಒರಗಿ ಅವಳಿಗೆ ಮಧ್ಯಾಹ್ನದ ಜೋಂಪು ಹತ್ತಿತು. ಕೆರೆಯ ಮೇಲೆ ಒಂದು ಲಾರಿ ಹೋಗುತ್ತಿತ್ತು. ನೆಲದ ಮೇಲಲ್ಲ, ನೆಲಕ್ಕಿಂತ ಒಂದಾಳು ಮೇಲೆ. ಸದ್ದೇ ಇಲ್ಲ. ಲೋಡಿನ ಮೇಲೆ ಅವಳ ಗಂಡ ವೆಂಕಟರಾಯಪ್ಪ ನಿಂತಿದ್ದ, ಬದುಕಿದ್ದಾಗ ನಂಗಲಿ ಚೆಕ್‌ಪೋಸ್ಟಿನ ಹತ್ತಿರ ಲಾರಿಗಳಿಗೆ ಹಗ್ಗ ಬಿಗಿಯುತ್ತಿದ್ದನಲ್ಲ, ಹಾಗೇ, ಹಲ್ಲಿನಲ್ಲಿ ಹಗ್ಗದ ತುದಿ ಕಚ್ಚಿಕೊಂಡು. ಮುಂದಿನ ಕೊಕ್ಕೆಗೆ ಸಿಕ್ಕಿಸಿದ ಹಗ್ಗವನ್ನು ಅಲ್ಲೇ ಗಂಟು ಹಾಕದೆ ಉದ್ದಕ್ಕೂ ಹಿಂದಕ್ಕೆ ಎಳೆದುಕೊಂಡು ಬಂದ, ಅಡ್ಡ ತಿರುಗಿಸಿದ, ಮತ್ತೆ ಹಿಂದಕ್ಕೆ. ಕೊನೆಗೆ ತುದಿಯನ್ನು ಅವಳತ್ತ ಎಸೆದ. ಅವಳು ಹಿಡಿದು ನೋಡಿದರೆ ಅದು ಹಗ್ಗವಲ್ಲ, ಮೊರದ ಅಂಚಿನ ಬಿದಿರು ಸೀಳು.

ಕಣ್ಣು ಬಿಟ್ಟಾಗ ಗಂಗಾ ಅವಳ ಮೊಣಕೈ ಮೂಸುತ್ತಿದ್ದಳು. ಆ ಹೊತ್ತಿಗೆ ಉಮೇಶನೂ ಶಿಫ್ಟು ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ. ಕೊಂಡಮ್ಮ ಸೆರಗು ತಲೆ ಮೇಲೆಳೆದುಕೊಂಡು, ಹಸುವಿನ ಕಡೆ ತಿರುಗಿ, ನಿಧಾನವಾಗಿ ಹೇಳಿದಳು.

"ಗಂಗಾ, ಗಮ್ಮು ಗಟ್ಟಿಯಾಗೇ ಇದೆ. ಅದು ಹಿಡ್ಕೊಂಡಿರೋ ಕಾಗದವೇ ಬೆಂಡು ಬಿಟ್ಟು ಎದ್ದು ಬರ್ತಿದೆ. ಭಾರವೆಲ್ಲ ಮೂತಿ ಮೇಲೇ ನಿಂತಿದೆ. ಅದನ್ನ ಹಿಂದಕ್ಕೆ ಎಳೀಬೇಕು ಅಂತ ಹೇಳು."

ಉಮೇಶ್ ತಂಬಿಗೆ ಹಿಡಿದವನು ಹಿಡಿದ ಹಾಗೇ ನಿಂತ. ಗೋಡೆ ಮೇಲಿನ ನಾಲ್ಕು ಮೂತಿಗಳನ್ನೂ ಒಂದೊಂದಾಗಿ ತಿರುಗಿಸಿ ನೋಡಿದ.

"ಹೆಂಗೆ ಎಳೀಬೇಕು ಅಂತ ಕೇಳು ಗಂಗಾ."

ಹೇಗೆ ಅನ್ನುವುದನ್ನು ಅವಳು ಎರಡು ದಿನ ಮಾಡಿಯೇ ತೋರಿಸಿದಳು. ರೇಷ್ಮೆ ಹುಳ ಗೂಡು ಕಟ್ಟುವ ಚಂದ್ರಿಕೆಗಳಲ್ಲಿ ಒಂದು ಹಳೆಯದು ಮುರಿದು ಬಿದ್ದಿತ್ತು. ಅದರ ಬಿದಿರನ್ನು ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪಕ್ಕೆ ಸೀಳಿ ಆರು ಕಡ್ಡಿ ಮಾಡಿದಳು. ಪ್ರತಿಯೊಂದೂ ಒಂದು ಗೇಣು, ಮೇಲೆ ಎರಡು ಬೆರಳು. ಉಮೇಶ್ ಹೊಸದಾಗಿ ಕೊಯ್ದ ಮೂತಿಯ ಮೇಲಿನ ಕಾಗದವನ್ನು ಒಂದು ಗೇಣಿನಷ್ಟು ಒದ್ದೆ ಮಾಡಿ ಸುಲಿದಳು, ಯಾಕೆಂದರೆ ಬಿಟ್ಟು ಬರುವುದೇ ಅದು. ಉಮೇಶ್ ಪ್ಲೈವುಡ್ಡಿನ ಅಂಚಿಗೆ ಆರು ತೂತು ಕೊರೆದ. ತೂತಿನಿಂದ ಕಡ್ಡಿ ತೂರಿಸಿ, ಬೆಂಡಿನೊಳಗೆ ಹಿಂದಕ್ಕೆ ರೆಕ್ಕೆಯ ಬುಡದವರೆಗೆ ನುಗ್ಗಿಸಿ, ದಾರದಿಂದ ಅಡ್ಡಡ್ಡ ಬಿಗಿದು, ಅದರ ಮೇಲೆ ಅವಳ ಸವೆದ ನೂಲು ಸೀರೆಯ ಪಟ್ಟಿಯನ್ನು ಮೆಂತ್ಯದ ಹಿಟ್ಟಿನಲ್ಲಿ ಅದ್ದಿ ಸುತ್ತಿದರು. ಮೊರಕ್ಕೆ ಬಳಿದಷ್ಟು ದಪ್ಪ ಬೇಡ, ಉಗುರಿನಷ್ಟು ಸಾಕು ಅಂತ ಗಂಗಾಗೆ ಮೂರು ಸಲ ಹೇಳಿದಳು. ಮಾತೆಲ್ಲ ಹಸುವಿನ ಮೂಲಕವೇ. ಕೈಗಳು ಮಾತ್ರ ಒಂದೇ ಮೂತಿಯ ಮೇಲೆ ಇದ್ದವು.

ಇನ್ನು ಒಣಗಿಸುವುದು. ಗಾಳಿಯಾಡುವ ಒಳ್ಳೇ ನೆರಳು ಅಂದರೆ ರಾಧಾ ರೇಷ್ಮೆ ಸಾಕುವ ಹುಳದ ಮನೆ. ಆದರೆ ಹುಳ ಹಣ್ಣಾಗಿ ಚಂದ್ರಿಕೆ ಹತ್ತಿ ನಾಲ್ಕು ದಿನವಾಗಿತ್ತು, ಗೂಡು ಬಿಡಿಸುವವರೆಗೆ ಒಂದು ಅಗರಬತ್ತಿಯ ವಾಸನೆಯೂ ಆಗುವುದಿಲ್ಲ. ಮೆಂತ್ಯವನ್ನು ಒಳಗೆ ತರಬೇಡ ಅಂತ ರಾಧಾ ಬಾಗಿಲಿಗೆ ಅಡ್ಡ ನಿಂತಳು. ಸರಿ ಅಂತ ಕೊಂಡಮ್ಮ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದಳು, ಅಲ್ಲೂ ನೆರಳು. ಒಂಬತ್ತು ವರ್ಷ ಗಂಗಾ ಎದುರಿಗೆ ಏನೆಲ್ಲ ಆಡಿದ್ದಳೋ, ಗಂಗಾ ಹಸು ಅನ್ನುವುದೇ ಅವಳಿಗೆ ಮರೆತುಹೋಗಿತ್ತು ಅಂತ ಕಾಣುತ್ತದೆ.

ಬೆಳಿಗ್ಗೆ ಎದ್ದು ಹಾಲಿಗೆ ಹೋದರೆ ಗೂಟದಲ್ಲಿ ದಾರ ಒಂದೇ ಇತ್ತು. ಮೆಂತ್ಯ, ಕಾಗದ, ಸೀರೆ ಪಟ್ಟಿ, ಬೆಂಡು, ಎಲ್ಲವನ್ನೂ ಗಂಗಾ ನಿಧಾನವಾಗಿ, ರುಚಿ ನೋಡಿ ನೋಡಿ ತಿಂದಿದ್ದಳು. ಮೇವು ಹಾಕುವ ಗೊಂತಿನಲ್ಲಿ ಪ್ಲೈವುಡ್ ತುಂಡೂ ಜಗಿದ ಎರಡು ಬಿದಿರು ಕಡ್ಡಿಯೂ ಬಿದ್ದಿದ್ದವು. ಮೋಟಾರು ಸ್ಟೀಲ್ ಡಬ್ಬಿಯಲ್ಲಿ, ರೆಕ್ಕೆ ಬಾಲ ಮನೆಯೊಳಗೆ ಬೇರೆ ಇದ್ದದ್ದರಿಂದ ಉಳಿದವು. ಕೊಂಡಮ್ಮ ಮೊದಲು ಹಸುವಿನ ಬಾಯಿಗೆ ಕೈ ಹಾಕಿ ಕಡ್ಡಿ ಏನಾದರೂ ಚುಚ್ಚಿದೆಯಾ ನೋಡಿದಳು. ಇಲ್ಲ. ಆಮೇಲೆ ಗೊಂತಿನ ಕಲ್ಲಿನ ಮೇಲೆ ಕೂತುಬಿಟ್ಟಳು.

ಅವತ್ತು ಮಧ್ಯಾಹ್ನವೇ ಪಕ್ಕದ ಮನೆ ಶಾಮಲಮ್ಮ ಓಡಿಬಂದು, ಮೇಲಿನ ಕೆರೆ ಕೋಡಿ ಬಿತ್ತಂತೆ, ಮೂರು ದಿನಕ್ಕೆ ನಮ್ಮಲ್ಲಿ ನೀರಂತೆ ಅಂತ ಹೇಳಿ, ಬಾಯಿಗೊಂದಿಷ್ಟು ಬೆಲ್ಲ ಹಾಕಿಸಿಕೊಂಡು ಹೋದಳು. ಅದೇ ಹೊತ್ತಿಗೆ ಬಾಗಿಲಲ್ಲಿ ಉಮೇಶ್. ಸುದ್ದಿಯನ್ನು ಬಸ್ಸಿನಲ್ಲೇ ಕೇಳಿಕೊಂಡು ಬಂದಿದ್ದ. ಖಾಲಿ ಗೂಟ ನೋಡಿದ, ಗೊಂತು ನೋಡಿದ.

ಹೇಳಬೇಕಾದವಳು ಕೊಂಡಮ್ಮ. ಗಂಗಾ ಕಡೆ ತಿರುಗಿದಳು. ಗಂಗಾ ನಾಲಿಗೆ ಚಾಚಿ ಮೂಗು ನೆಕ್ಕಿಕೊಂಡಳು. ತಿಂದವಳ ಮುಂದೆ ತಿಂದ ಸುದ್ದಿಯನ್ನು ಹೇಳಿ ಕಳಿಸುವುದು ಹೇಗೆ? ಕಂಬ ಇತ್ತು, ಗೋಡೆ ಇತ್ತು. ತಾಯಿಯಾಗಿದ್ದರೆ ಕಂಬಕ್ಕೆ ಹೇಳುತ್ತಿದ್ದಳು. ಕೊಂಡಮ್ಮನಿಗೆ ಯಾಕೋ ಅದು ಸರಿ ಅನ್ನಿಸಲಿಲ್ಲ. ತಪ್ಪು ಮಾಡಿದವಳು ಮುಖ ತೋರಿಸದೆ ಇದ್ದರೆ ಅದು ಮರ್ಯಾದೆ ಹೇಗಾಗುತ್ತದೆ ಅನ್ನಿಸಿತು. ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, ಹದಿನಾರು ವರ್ಷದಲ್ಲಿ ಮೊದಲನೇ ಸಲ ಅಳಿಯನ ಮುಖವನ್ನು ಎದುರಿನಿಂದ ನೋಡಿದಳು. ಬಲಗಡೆ ಹುಬ್ಬಿನಲ್ಲಿ ಒಂದು ಗಾಯದ ಗೆರೆ ಇತ್ತು. ಅದು ಅವಳಿಗೆ ಗೊತ್ತೇ ಇರಲಿಲ್ಲ.

"ತಪ್ಪು ನಂದು ನಾಯನಾ. ಇನ್ನೊಂದು ಮೂತಿ ಕೊಯ್ದು ಕೊಡಿ. ನೀರು ಬರೋ ಹೊತ್ತಿಗೆ ನಾನು ಒಣಗಿಸಿ ಕೊಡ್ತೀನಿ."

ಮಗನನ್ನು ಅಪ್ಪಾ ಅನ್ನುವ ಹಾಗೆ ತವರಿನ ತೆಲುಗಿನಲ್ಲಿ ನಾಯನಾ ಅಂದಿದ್ದಳು. ಉಮೇಶ್ ಒಂದು ಗಳಿಗೆ ಯಾರು ಮಾತಾಡಿದ್ದು ಅಂತ ತಿಳಿಯದವನ ಹಾಗಿದ್ದ. ಆಮೇಲೆ ತಲೆ ತಗ್ಗಿಸಿ, "ಆಗ್ಲಿ ಅತ್ತೆಮ್ಮ" ಅಂದ.

ಅವತ್ತು ಬೆಳಿಗ್ಗೆಯೇ ರಾಧಾ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಕಳಿಸಿದ್ದಳು, ಹುಳದ ಮನೆ ಖಾಲಿ. ಸಂಜೆಯೊಳಗೆ ಹೊಸ ಮೂತಿ, ಹೊಸ ಕಡ್ಡಿ. ಈ ಸಲ ಹಿಟ್ಟಿಗೆ ಒಂದು ಹಿಡಿ ಬೇವಿನ ಸೊಪ್ಪೂ ಅರೆದು ಸೇರಿಸಿದಳು. ಹುಳದ ಮನೆಯ ತೊಲೆಗೆ ನೇತುಹಾಕಿ, ಗಂಟೆಗೊಂದು ಸಲ ಹೋಗಿ ಕಾಲು ಸುತ್ತು ತಿರುಗಿಸಿ ಬರುವಳು, ಎಲ್ಲ ಕಡೆ ಒಂದೇ ಸಮ ಒಣಗಲಿ ಅಂತ. ರೇಷ್ಮೆಯ ಎಳೆ ಇನ್ನೂ ಅಲ್ಲಲ್ಲಿ ಗೋಡೆಗೆ ಅಂಟಿಕೊಂಡು ಗಾಳಿಗೆ ಹೊಳೆಯುತ್ತಿತ್ತು. ಅದರ ನಡುವೆ ಆ ಮೂತಿ ತಾನೂ ಒಂದು ದೊಡ್ಡ ಗೂಡಿನ ಹಾಗೆ ತೂಗುತ್ತಿತ್ತು. ಒಳಗೆ ಏನೋ ಇದೆ, ನಾಳೆಯೋ ನಾಡಿದ್ದೋ ತೂತು ಮಾಡಿಕೊಂಡು ಹಾರಿಹೋಗುತ್ತದೆ ಅನ್ನಿಸಿ ಕೊಂಡಮ್ಮ ಎಷ್ಟೋ ಹೊತ್ತು ಬಾಗಿಲಲ್ಲೇ ನಿಂತುಬಿಡುವಳು.

ಮೂರನೇ ದಿನ ಬೆರಳಲ್ಲಿ ತಟ್ಟಿದಳು. ತಮಟೆಯ ಸದ್ದು ಬಂತು.

ಉಮೇಶ್ ಮೂತಿಗೆ ರೆಕ್ಕೆ, ಬಾಲ ಜೋಡಿಸಿ, ಮೋಟಾರನ್ನು ನಾಲ್ಕು ಸ್ಕ್ರೂ ಹಾಕಿ ಬಿಗಿದ. ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿದ. ಮೂತಿ ಭಾರವಾಗಿ ಮುಂದಕ್ಕೆ ಬಾಗಿತು. ಬ್ಯಾಟರಿಯನ್ನು ಎರಡು ಬೆರಳು ಹಿಂದಕ್ಕೆ ಸರಿಸಿದ ಮೇಲೆ ತಕ್ಕಡಿಯ ಹಾಗೆ ನೆಟ್ಟಗೆ ನಿಂತಿತು.

ಬಿಸಿಲು ಇಳಿಯುವ ಹೊತ್ತಿಗೆ ಮೂವರೂ ಕೆರೆಗೆ ಹೋದರು. ಊರಿನವರೆಲ್ಲ ಮೇಲಿನ ಕಾಲುವೆ ಹತ್ತಿರ ನೀರು ನೋಡಲು ಸೇರಿದ್ದರು, ಈ ಕಡೆ ಯಾರೂ ಇರಲಿಲ್ಲ. ರಾಧಾ ಕಟ್ಟೆ ಮೇಲೆ ಕೂತಳು. ಅಂಗಳಕ್ಕೆ ಇಳಿದು ನೋಡಿದರೆ ನೀರು ಆಗಲೇ ಬರುತ್ತಿತ್ತು. ಬರುತ್ತಿದೆ ಅಂತ ಹೇಳುವಂತಿಲ್ಲ, ಹರಿಯುವ ಸದ್ದಿಲ್ಲ. ಬಿರುಕು ಬಿಟ್ಟ ಮಣ್ಣಿನಲ್ಲಿ ಬಿರುಕು ಬಿರುಕಿಗೂ ಇಳಿದು, ತುಂಬಿ, ಮುಂದಿನ ಬಿರುಕಿಗೆ ದಾಟುತ್ತಿತ್ತು. ಆಕಾಶ ತುಂಡು ತುಂಡಾಗಿ ಕೆಳಗೆ ಬಂದು ಒಂದಕ್ಕೊಂದು ಸೇರಿಕೊಳ್ಳುವ ಹಾಗೆ. ಒಣ ನೆಲ ಇನ್ನು ಎರಡು ಹೊಲದಷ್ಟು ಉಳಿದಿತ್ತು.

ಉಮೇಶ್ ರಿಮೋಟು ಆನ್ ಮಾಡಿದ. ಹಿಂದೆಲ್ಲ ಅವನು ಒಂದು ಕೈಯಲ್ಲಿ ಎಸೆದು ಇನ್ನೊಂದರಲ್ಲಿ ರಿಮೋಟು ಹಿಡಿಯುತ್ತಿದ್ದ. ಈ ಸಲ ವಿಮಾನವನ್ನು ಅತ್ತೆಯ ಕಡೆ ಚಾಚಿದ. ಕಲ್ಲು ಬೀಸಿದ ಹಾಗೆ ಬೀಸಬಾರದು, ನೆಟ್ಟಗೆ ಮುಂದಕ್ಕೆ ತಳ್ಳಬೇಕು ಅಂತ ಹೇಳಿದ. ಕೊಂಡಮ್ಮ ಅದನ್ನು ಕೇರುವ ಮೊರ ಹಿಡಿದ ಹಾಗೆ ಹಿಡಿದಳು. ಫ್ಯಾನು ತಿರುಗತೊಡಗಿತು. ಮೋಟಾರಿನ ನಡುಕ ಮೂತಿಯಿಂದ ಕಡ್ಡಿಗೆ, ಕಡ್ಡಿಯಿಂದ ಹಿಂದಕ್ಕೆ ಹರಿದು ಅವಳ ಅಂಗೈಗೆ ತಾಗಿತು. ಒಂದೇ ಜಾಗದಲ್ಲಿ ಅಲ್ಲ, ಉದ್ದಕ್ಕೂ, ಸಮನಾಗಿ. ಇದು ಕಿತ್ತು ಬರುವುದಿಲ್ಲ ಅಂತ ಆಗಲೇ ಅವಳಿಗೆ ಗೊತ್ತಾಯಿತು.

"ಬಿಡಿ ಅತ್ತೆಮ್ಮ."

ಬಿಟ್ಟಳು. ಅದು ಒಂದು ಮೊಳ ಕೆಳಗೆ ಕುಸಿದು, ಆಮೇಲೆ ನೆನಪು ಮಾಡಿಕೊಂಡ ಹಾಗೆ ಮೇಲೆದ್ದಿತು. ನೂರು ಮಾರು ದಾಟಿತು. ಇನ್ನೂರು. ಸದ್ದು ಒಂದೇ ಸಮನಾಗಿ ಜೇನಿನ ಹಾಗೆ ಸಣ್ಣಗಾಯಿತು. ಕೋಡಿ ಕಲ್ಲಿನ ಹತ್ತಿರ ರೆಕ್ಕೆ ವಾರೆ ಮಾಡಿ ತಿರುಗಿತು, ಕಾಲುವೆ ಹತ್ತಿರ ಸೇರಿದ್ದ ಜನ ಕೈ ಎತ್ತಿ ತೋರಿಸಿದರು, ಅಲ್ಲಿಂದ ನೀರಿನ ಮೇಲೆ ಬಂತು. ನೀರಿನೊಳಗೆ ಇನ್ನೊಂದು ಬಿಳೀ ವಿಮಾನ ಅದರ ಜೊತೆ ಜೊತೆಗೇ ಬರುತ್ತಿತ್ತು. ಕೊಂಡಮ್ಮನಿಗೆ ಎಲ್ಲೋ ಮೇಲೆ ಯಾರೋ ಹಲ್ಲಿನಲ್ಲಿ ಹಗ್ಗ ಕಚ್ಚಿ ನಿಂತಿದ್ದಾರೆ ಅನ್ನಿಸಿತು. ಕೆರೆಯ ಒಂದು ಸುತ್ತು ಮುಗಿಯಿತು. ಉಮೇಶ್ ರಿಮೋಟಿನಿಂದ ಕಣ್ಣೆತ್ತದೆ ಅಳುತ್ತಿದ್ದ. ಅವಳು ನೋಡದವಳ ಹಾಗೆ ಮೇಲೆ ನೋಡಿದಳು.

ಇಳಿಯುವ ಹೊತ್ತಿಗೆ ಒಣ ನೆಲ ಒಂದೇ ಹೊಲದಷ್ಟಾಗಿತ್ತು. ವಿಮಾನ ಅದನ್ನು ದಾಟಿ ನೀರಂಚಿನ ಕೆಸರಿಗೆ ಮೂತಿ ಊರಿ ನಿಂತಿತು. ಬಾಲ ಮುರಿಯಿತು, ಒಂದು ರೆಕ್ಕೆ ಮಡಚಿಕೊಂಡಿತು. ಕೊಂಡಮ್ಮ ಸೀರೆ ಎತ್ತಿಕಟ್ಟಿ ಹೋಗಿ ಕಿತ್ತು ತಂದಳು. ಸೆರಗಿನಿಂದ ಕೆಸರು ಒರೆಸಿ, ಪ್ಲೈವುಡ್ಡಿನ ನಾಲ್ಕು ಮೂಲೆಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದಳು.

"ಅಲ್ಲಾಡಿಲ್ಲ ನಾಯನಾ."

ಉಮೇಶ್ ರಿಮೋಟಿನ ಬ್ಯಾಟರಿ ತೆಗೆದು ಜೇಬಿಗೆ ಹಾಕಿಕೊಂಡ. ಕೊಟ್ಟ ಮಾತು ಕೊಟ್ಟದ್ದೇ. ಕಟ್ಟೆ ಹತ್ತಿ ರಿಮೋಟನ್ನು ರಾಧಾ ಕೈಗೆ ಕೊಟ್ಟ. ರಾಧಾ ತುಂಬುತ್ತಿರುವ ಕೆರೆಯನ್ನು ನೋಡುತ್ತಾ ಕೂತಿದ್ದಳು. ಆಮೇಲೆ ಅದನ್ನು ಅವನ ಕೈಗೇ ವಾಪಸು ಕೊಟ್ಟು, "ನೀರ ಮೇಲಿಂದ ಏಳೋ ಅಂಥದ್ದು ಇರಲ್ವಾ?" ಅಂತ ಕೇಳಿದಳು. ನಿದ್ದೆ ಬಿಡುವ ಹಾಗಿಲ್ಲ, ಆದಿತ್ಯವಾರ ಮಾತ್ರ ಅಂತಲೂ ಸೇರಿಸಿದಳು.

ಮನೆಗೆ ಬಂದಾಗ ಅಂಗಳದಲ್ಲಿ ನೆರೆಯವರು ಕೂತಿದ್ದರು. ಶಾಮಲಮ್ಮನೂ ಇದ್ದಳು. ಕೊಂಡಮ್ಮ ಸೆರಗು ತಲೆ ಮೇಲೆಳೆದುಕೊಂಡು ಗೋಡೆಯಾಚೆ ಹೋದಳು, ಎಂದಿನ ಹಾಗೆ. ಮುದ್ದೆ ತಿರುವಿದಳು, ಸಾರು ಕಾಯಿಸಿದಳು. ಕೈ ತೊಳೆಯುವ ಸದ್ದು ಕೇಳಿದ ಮೇಲೆ, ಸ್ವಲ್ಪ ಯೋಚನೆ ಮಾಡಿ, ಹಸುವಿನ ಕಡೆ ತಿರುಗಿದಳು.

"ಗಂಗಾ, ನೀರಿಗೆ ಮೆಂತ್ಯ ನಿಲ್ಲಲ್ಲ. ಕರಗಿಹೋಗತ್ತೆ. ಮೇಲೆ ಗೇರೆಣ್ಣೆ ಬಳೀಬೇಕು ಅಂತ ಹೇಳು."